ಕೂನೂರಿನ ಇಲಿಗಳೂ ನಮ್ಮ ರಾಗಿಮುದ್ದೆಯೂ



ಕೂನೂರಿನ ಸಿಮ್ಸ್ ಪಾರ್ಕಿಗೆ ಹೋಗಿ ಬಂದವರು ಅದರ ಪಕ್ಕದಲ್ಲೇ ಇರುವ ಪಾಶ್ಚರ್ ಸಂಸ್ಥೆಯನ್ನು ನೋಡಿಯೇ ಇರುತ್ತೀರಿ. ಗೂಡಲೂರಿನವರಾಗಲಿ, ಮಸಿನಗುಡಿಯವರಾಗಲಿ, ಗುಂಡ್ಲುಪೇಟೆ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತವರಾಗಲಿ, ಆ ಹೆಸರು ಕೇಳಿದ ಕೂಡಲೇ ಹೇಳುವುದು ಒಂದೇ ಮಾತು: ‘ಹುಚ್ಚುನಾಯಿ ಕಡಿತಕ್ಕೆ ಮದ್ದು ಮಾಡುವ ಜಾಗ.’ ಅದು ನಿಜವೇ. ಆದರೆ ಅದೇ ಸಂಸ್ಥೆಯ ಒಂದು ಕೋಣೆಯಲ್ಲಿ 1918ರಲ್ಲಿ ಇನ್ನೊಂದು ಕೆಲಸ ಶುರುವಾಯಿತು. ನೀವೂ ನಾವೂ ದಿನಾ ತಟ್ಟೆಗೆ ಹಾಕಿಕೊಳ್ಳುವ ಅನ್ನ, ಮುದ್ದೆ, ಸೊಪ್ಪು, ಬೇಳೆ ಇವುಗಳಲ್ಲಿ ಏನಿದೆ, ಏನಿಲ್ಲ ಎಂದು ನಲವತ್ತು ವರ್ಷ ತೂಗಿ ನೋಡಿದ್ದು ಅಲ್ಲಿ. ಇಂದು ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆಯ ತಾಯಿಬೇರು ಇರುವುದು ನಮ್ಮ ಈ ಬೆಟ್ಟದಲ್ಲಿ. ಅದರ ಕಥೆ ನಮ್ಮ ಜಿಲ್ಲೆಯ ಶಾಲೆಯ ಮಕ್ಕಳಿಗೂ ಅಷ್ಟಾಗಿ ಗೊತ್ತಿಲ್ಲ. ಇವತ್ತು ಅದನ್ನು ಹೇಳುತ್ತೇನೆ.

ಮೊದಲು ಸಂಸ್ಥೆಯ ಹುಟ್ಟಿನ ಬಗ್ಗೆ ಎರಡು ಮಾತು. 1902ರಲ್ಲಿ ಲಿಲಿ ಪಾಕೆನ್‌ಹ್ಯಾಮ್ ವಾಲ್ಷ್ ಎಂಬ ಯುವತಿ ಹುಚ್ಚುನಾಯಿ ಕಡಿದು ಸತ್ತಳು. ಆ ಕಾಲದಲ್ಲಿ ಇದಕ್ಕೆ ಮದ್ದು ಸಿಗುತ್ತಿದ್ದುದು ದೂರದ ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ. ದಕ್ಷಿಣದವರು ರೈಲು ಹತ್ತಿ ಅಲ್ಲಿಗೆ ತಲುಪುವಷ್ಟರಲ್ಲಿ ವಿಷ ತಲೆಗೇರಿರುತ್ತಿತ್ತು. ಅಮೆರಿಕದ ಹೆನ್ರಿ ಫಿಪ್ಸ್ ಎಂಬ ಶ್ರೀಮಂತ ಕೊಟ್ಟ ದಾನದಿಂದ 1907ರಲ್ಲಿ ಕೂನೂರಿನಲ್ಲಿ ದಕ್ಷಿಣ ಭಾರತದ ಪಾಶ್ಚರ್ ಸಂಸ್ಥೆ ಆರಂಭವಾಯಿತು. ಈ ಮಾತು ಬಂದಾಗ ಒಂದು ವಿಷಯ ಹೇಳಿಯೇ ಮುಂದೆ ಹೋಗುತ್ತೇನೆ. ಹೊಟ್ಟೆಗೆ ಹದಿನಾಲ್ಕು ಚುಚ್ಚುಮದ್ದು ಹಾಕುವ ಕಾಲ ಎಂದೋ ಮುಗಿದಿದೆ. ನಾಯಿ, ಬೆಕ್ಕು, ಕೋತಿ ಏನು ಕಡಿದರೂ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ, ಸುಣ್ಣ, ಅರಿಶಿನ, ಕಾಫಿಪುಡಿ ಮೆತ್ತಬೇಡಿ, ಅಂದೇ ಆಸ್ಪತ್ರೆಗೆ ಹೋಗಿ.

ಈಗ ನಮ್ಮ ಕಥೆಗೆ ಬರೋಣ.

ರಾಬರ್ಟ್ ಮೆಕ್‌ಕ್ಯಾರಿಸನ್ ಐರ್ಲೆಂಡಿನವರು, ಸೇನಾ ವೈದ್ಯರು. ವಯಸ್ಸಿನಲ್ಲಿ ಗಿಲ್ಗಿಟ್ ಎಂಬ ಗಡಿಸೀಮೆಯಲ್ಲಿ ಕೆಲಸ ಮಾಡಿದವರು. ಅಲ್ಲಿನ ಹಳ್ಳಿಗಳಲ್ಲಿ ಗಳಗಂಡ ಏಕೆ ಬರುತ್ತದೆ ಎಂದು ತಿಳಿಯಲು, ಗಳಗಂಡದ ಊರಿನ ನೀರಿನ ಕೆಸರನ್ನು ತಾವೇ ಕುಡಿದು, ತಮ್ಮ ಕುತ್ತಿಗೆ ಊದಿಸಿಕೊಂಡು ನೋಡಿದ ಮನುಷ್ಯ. ಅಂಥವರು 1918ರಲ್ಲಿ ಕೂನೂರಿನ ಪಾಶ್ಚರ್ ಸಂಸ್ಥೆಯಲ್ಲಿ ಒಂದು ಕೋಣೆ ಪಡೆದು ‘ಬೆರಿಬೆರಿ ವಿಚಾರಣೆ’ ಎಂಬ ಹೆಸರಿನಲ್ಲಿ ಕೆಲಸ ಶುರುಮಾಡಿದರು.

ಬೆರಿಬೆರಿ ಎಂದರೆ ಈಗಿನ ಹುಡುಗರಿಗೆ ಗೊತ್ತಿರಲಾರದು. ಕಾಲು ಮರಗಟ್ಟುತ್ತದೆ, ನಡೆಯಲು ಆಗುವುದಿಲ್ಲ, ಕೆಲವರಿಗೆ ಮೈಯೆಲ್ಲ ಬಾವು ಬರುತ್ತದೆ, ಏದುಸಿರು ಹತ್ತಿ ಹೃದಯ ನಿಂತುಹೋಗುತ್ತದೆ. ಹಾಲು ಕುಡಿಯುವ ಕೂಸುಗಳು ನೋಡನೋಡುತ್ತಲೇ ಸಾಯುತ್ತಿದ್ದವು. ಮದರಾಸು ಪ್ರಾಂತ್ಯದಲ್ಲಿ ಇದು ಎಲ್ಲ ಕಡೆ ಇರಲಿಲ್ಲ. ಆಂಧ್ರದ ಕರಾವಳಿಯಲ್ಲಿ, ಆಗ ಉತ್ತರ ಸರ್ಕಾರ್ ಎನ್ನುತ್ತಿದ್ದ ಜಿಲ್ಲೆಗಳಲ್ಲಿ, ಮನೆ ಮಾಡಿಕೊಂಡಿತ್ತು. ಅದೇ ಪ್ರಾಂತ್ಯದ ತಮಿಳು ಜಿಲ್ಲೆಗಳಲ್ಲಿ, ಅವರೂ ಮೂರು ಹೊತ್ತು ಅನ್ನ ತಿನ್ನುವವರೇ ಆದರೂ, ಬೆರಿಬೆರಿ ಇರಲಿಲ್ಲ ಎನ್ನುವಷ್ಟು ಕಡಿಮೆ. ಇಬ್ಬರೂ ಅನ್ನವನ್ನೇ ತಿನ್ನುವಾಗ ಒಬ್ಬರಿಗೆ ರೋಗ, ಇನ್ನೊಬ್ಬರಿಗೆ ಇಲ್ಲ, ಏಕೆ?

ಉತ್ತರ ಇದ್ದುದು ನಿಮ್ಮ ಅಡುಗೆಮನೆಯ ಅಕ್ಕಿಡಬ್ಬಿಯಲ್ಲಿ. ನಾವು ಕುಸುಬಲಕ್ಕಿ ಎನ್ನುತ್ತೇವೆ, ತಮಿಳಿನಲ್ಲಿ ಪುಳುಂಗಲ್ ಅರಿಸಿ. ಬತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ ಆಮೇಲೆ ಕುಟ್ಟಿದ ಅಕ್ಕಿ ಅದು. ಇನ್ನೊಂದು ಹಸಿ ಬತ್ತದಿಂದ ಮಾಡಿದ ಬೆಳ್ತಿಗೆ, ತಮಿಳಿನಲ್ಲಿ ಪಚ್ಚರಿಸಿ. ಆಂಧ್ರದ ಕರಾವಳಿಯವರು ತಿನ್ನುತ್ತಿದ್ದುದು ಮಿಲ್ಲಿನಲ್ಲಿ ಪಾಲಿಶ್ ಮಾಡಿದ ಬೆಳ್ತಿಗೆ. ತಮಿಳು ಜಿಲ್ಲೆಗಳವರು ತಿನ್ನುತ್ತಿದ್ದುದು ಪುಳುಂಗಲ್. ಬತ್ತದ ಹೊಟ್ಟಿನ ಕೆಳಗೆ ತೆಳುವಾದ ಕಂದು ತವುಡಿನ ಪದರವಿದೆಯಲ್ಲ, ನಾವು ದನಕ್ಕೆ ಹಾಕುವುದು, ಅದರಲ್ಲೇ ಬಿ-ಒಂದು ಎಂಬ ಜೀವಸತ್ವ ತುಂಬಿರುತ್ತದೆ. ಹಸಿ ಬತ್ತವನ್ನು ಮಿಲ್ಲಿಗೆ ಹಾಕಿದರೆ ಅದು ತವುಡಿನ ಜೊತೆ ಹೊರಟುಹೋಗುತ್ತದೆ. ಬತ್ತವನ್ನು ಮೊದಲೇ ಬೇಯಿಸಿದರೆ ಆ ಸತ್ವ ನೀರಿನಲ್ಲಿ ಕರಗಿ ಕಾಳಿನ ಒಳಕ್ಕೆ ಇಳಿಯುತ್ತದೆ. ಆಮೇಲೆ ಮಿಲ್ಲು ಎಷ್ಟೇ ಉಜ್ಜಿದರೂ ಪೂರ್ತಿ ಹೋಗುವುದಿಲ್ಲ. ಮುಂದೆ ಅಚ್ಚಾದ ಆಹಾರದ ಪಟ್ಟಿಗಳಲ್ಲಿ ಈ ಲೆಕ್ಕ ಕಾಣುತ್ತದೆ. ನೂರು ಗ್ರಾಂ ಮಿಲ್ಲಿನ ಬೆಳ್ತಿಗೆಯಲ್ಲಿ 0.06 ಮಿಲಿಗ್ರಾಂ, ಅಷ್ಟೇ ತೂಕದ ಮಿಲ್ಲಿನ ಕುಸುಬಲಕ್ಕಿಯಲ್ಲಿ 0.21. ಮೂರು ಪಟ್ಟಿಗೂ ಹೆಚ್ಚು. ಒನಕೆಯಿಂದ ಕುಟ್ಟಿದರೆ ಬೆಳ್ತಿಗೆಯಲ್ಲೂ 0.21 ಉಳಿಯುತ್ತದೆ.

ಇದನ್ನು ಪತ್ತೆಹಚ್ಚಿದ ಮೊದಲಿಗರು ಕೂನೂರಿನವರಲ್ಲ. ಜಾವಾದಲ್ಲಿ ಐಕ್‌ಮನ್ ಎಂಬ ಡಚ್ ವೈದ್ಯರು ಕೋಳಿಗಳಿಗೆ ಪಾಲಿಶ್ ಅಕ್ಕಿ ಹಾಕಿ ಇದೇ ದಾರಿ ಹಿಡಿದಿದ್ದರು, ಅದಕ್ಕೆ 1929ರಲ್ಲಿ ನೊಬೆಲ್ ಬಹುಮಾನವೂ ಬಂತು. ಕೂನೂರಿನಲ್ಲಿ ಮೆಕ್‌ಕ್ಯಾರಿಸನ್ ಪಾರಿವಾಳಗಳಿಗೆ ಬಿಳಿ ಅಕ್ಕಿ ತಿನ್ನಿಸಿ, ಒಳಗಿನ ಒಂದೊಂದು ಅಂಗವೂ ಹೇಗೆ ಕೆಡುತ್ತದೆ ಎಂದು ನೋಡಿದರು. 1924ರಲ್ಲಿ ನಾರಿಸ್ ಅವರ ಜೊತೆ ಸೇರಿ ಭಾರತದ ಅಕ್ಕಿಗೂ ಬೆರಿಬೆರಿಗೂ ಇರುವ ಸಂಬಂಧದ ಮೇಲೆ ಒಂದು ದೊಡ್ಡ ಪ್ರಬಂಧವನ್ನೇ ಪ್ರಕಟಿಸಿದರು. ನನಗೆ ಇದರಲ್ಲಿ ಹಿಡಿಸಿದ್ದು ಒಂದು ಸಂಗತಿ. ಓದುಬರಹ ಬಾರದ ತಮಿಳು ಹೆಂಗಸರು ತಲೆತಲಾಂತರದಿಂದ ಹಂಡೆಯಲ್ಲಿ ಬತ್ತ ಬೇಯಿಸುತ್ತ ಬಂದುದು ಲಕ್ಷಾಂತರ ಜನರನ್ನು ಉಳಿಸಿತ್ತು, ಯಾರಿಗೂ ಅದರ ಕಾರಣ ಗೊತ್ತಿರಲಿಲ್ಲ. ವಿಜ್ಞಾನ ಬಂದು ಕಾರಣ ಹೇಳಿತು. ಅಷ್ಟು ಹೊತ್ತಿಗೆ ಮಿಲ್ಲಿನ ಬಿಳಿ ಅಕ್ಕಿಗೆ ‘ದೊಡ್ಡವರ ಊಟ’ ಎಂಬ ಹೆಸರು ಬಂದುಬಿಟ್ಟಿತ್ತು.

ನಡುವೆ ಒಂದು ವಿಘ್ನ. 1923ರಲ್ಲಿ ಖರ್ಚು ಕಡಿತದ ಇಂಚ್‌ಕೇಪ್ ಸಮಿತಿಯ ಕತ್ತರಿ ಈ ಕೋಣೆಯ ಮೇಲೂ ಬಿತ್ತು. ಕೆಲಸ ನಿಂತಿತು, ಮೆಕ್‌ಕ್ಯಾರಿಸನ್ ಊರಿಗೆ ಹೋದರು. 1925ರಲ್ಲಿ ಮತ್ತೆ ಬಾಗಿಲು ತೆರೆಯಿತು. ಜನ ಏನು ತಿನ್ನಬೇಕು ಎಂದು ಹುಡುಕುವುದು ಸರ್ಕಾರದ ಕಣ್ಣಿಗೆ ಆಗಲೂ ಮೊದಲು ಕತ್ತರಿಸಬಹುದಾದ ಖರ್ಚಾಗಿತ್ತು ನೋಡಿ.

ಇನ್ನು ಇಲಿಗಳ ವಿಷಯ. ಇದು ನಿಜಕ್ಕೂ ಸ್ವಾರಸ್ಯವಾದದ್ದು, ಮತ್ತು ಇದರಲ್ಲಿ ಕನ್ನಡಿಗರೂ ಬರುತ್ತಾರೆ.

ಮೆಕ್‌ಕ್ಯಾರಿಸನ್ ಕೂನೂರಿನಲ್ಲಿ ಬಿಳಿ ಇಲಿಗಳನ್ನು ಸಾವಿರದ ಲೆಕ್ಕದಲ್ಲಿ ಸಾಕಿದರು. ಅವುಗಳಿಗೆ ಪಂಜಾಬಿನ ರೈತನ ಊಟದಂಥ ಊಟ: ತವುಡು ತೆಗೆಯದ ಗೋಧಿಹಿಟ್ಟಿನ ರೊಟ್ಟಿ, ಬೆಣ್ಣೆ, ಹಾಲು, ಮೊಳಕೆಕಾಳು, ಹಸಿ ತರಕಾರಿ, ವಾರಕ್ಕೊಮ್ಮೆ ಮೂಳೆಸಹಿತ ಒಂದು ತುಂಡು ಮಾಂಸ. ಚೊಕ್ಕ ಪಂಜರ, ಬಿಸಿಲು, ಗಾಳಿ. ಹೀಗೆ ಸಾಕಿದ 1,189 ಇಲಿಗಳಲ್ಲಿ ಎರಡೂಕಾಲು ವರ್ಷದ ಅವಧಿಯಲ್ಲಿ ಕಾಯಿಲೆ ಎಂಬುದೇ ಕಾಣಲಿಲ್ಲ ಎಂದು 1931ರಲ್ಲಿ ಬರೆದರು. ಇನ್ನೊಂದು ಗುಂಪಿಗೆ ಇಂಗ್ಲೆಂಡಿನ ಬಡವರ ಊಟ ಕೊಟ್ಟರು: ಬಿಳಿ ಬ್ರೆಡ್ಡು, ಮಾರ್ಗರಿನ್, ಸಕ್ಕರೆ ಹಾಕಿದ ಟೀ, ಬೇಯಿಸಿ ಸತ್ವ ತೆಗೆದ ತರಕಾರಿ, ಡಬ್ಬಿ ಮಾಂಸ, ಜಾಮ್. ಆ ಇಲಿಗಳು ಬೆಳೆಯಲಿಲ್ಲ, ಸಾಕುವವರ ಕೈ ಕಚ್ಚುತ್ತಿದ್ದವು, ಅರವತ್ತನೆಯ ದಿನದ ಹೊತ್ತಿಗೆ ತಮ್ಮಲ್ಲೇ ಬಲವಿಲ್ಲದವನ್ನು ಕೊಂದು ತಿನ್ನತೊಡಗಿದವು. ಆಳುವ ದೊರೆಗಳ ನಾಡಿನ ಊಟಕ್ಕೇ ಈ ಗತಿ ಎಂದು ದೊರೆಗಳ ಕಡೆಯ ವೈದ್ಯರೇ ಬರೆದದ್ದನ್ನು ಮೆಚ್ಚಬೇಕು.

ಇದೇ ರೀತಿ ಭಾರತದ ಏಳು ಜನವರ್ಗಗಳ ಊಟವನ್ನು ಏಳು ಗುಂಪಿನ ಇಲಿಗಳಿಗೆ ತಿನ್ನಿಸಿ, ತೂಕ ಹಾಕಿ, ಸಾಲಾಗಿ ನಿಲ್ಲಿಸಿದರು. ಮೊದಲು ಸಿಖ್ಖರು, ಆಮೇಲೆ ಪಠಾಣರು, ಮರಾಠರು, ಗೂರ್ಖರು. ಐದನೆಯ ಸ್ಥಾನ ಕನ್ನಡಿಗರ ಊಟಕ್ಕೆ, ಆಗಿನ ಇಂಗ್ಲಿಷಿನಲ್ಲಿ ‘ಕೆನರೀಸ್’. ನಮ್ಮ ಕೆಳಗೆ ಬಂಗಾಳಿಗಳು. ಕಟ್ಟಕಡೆಗೆ ‘ಮದರಾಸಿ’ ಊಟ. ಗಡಿಯಲ್ಲಿ ಕೂತು ಕನ್ನಡವನ್ನೂ ತಮಿಳನ್ನೂ ಆಡುವ ನಾವು ಐದನೆಯವರೋ ಏಳನೆಯವರೋ, ಆಯಾ ಮನೆಯ ಅಡುಗೆ ನೋಡಿ ಹೇಳಬೇಕು!

ಈ ಪಟ್ಟಿಯನ್ನು ಹಾಗೇ ನುಂಗಬೇಡಿ. ಇಲಿ ಮನುಷ್ಯನಲ್ಲ. ಅಲ್ಲದೆ ಸಿಖ್ಖರ ಊಟ ಎಂದು ಇಲಿಗೆ ಹಾಕಿದ್ದು ಹಾಲು ಬೆಣ್ಣೆ ಇರುವ, ಅನುಕೂಲಸ್ಥನ ಊಟ. ಪಂಜಾಬಿನ ಕೂಲಿಯ ಊಟವಲ್ಲ. ಒಂದು ಜನಾಂಗಕ್ಕೆ ಒಂದೇ ಊಟ ಎಂದು ಗೆರೆ ಎಳೆಯುವುದು, ಸೈನ್ಯಕ್ಕೆ ಆಳು ಸೇರಿಸುವ ಸರ್ಕಾರದ ಲೆಕ್ಕಾಚಾರಕ್ಕೆ ಹೊಂದುವ ಮಾತು. ನಮ್ಮಲ್ಲೇ ನೋಡಿ: ಮೈಸೂರು ಸೀಮೆಯ ಮುದ್ದೆ ಬೇರೆ, ಕರಾವಳಿಯ ಗಂಜಿ ಬೇರೆ, ಉತ್ತರದ ಜೋಳದ ರೊಟ್ಟಿ ಬೇರೆ. ಇಷ್ಟನ್ನೂ ಒಂದು ಪಂಜರದಲ್ಲಿ ಕೂರಿಸಲು ಸಾಧ್ಯವೇ? ಆದರೆ ಆ ಸಾಲಿನ ಹಿಂದೆ ಇದ್ದ ತತ್ವ ಸುಳ್ಳಲ್ಲ. ಪಟ್ಟಿಯ ಮೇಲುತುದಿಯಲ್ಲಿ ತವುಡು ಉಳಿದ ಧಾನ್ಯ, ಹಾಲು, ಸೊಪ್ಪು ತರಕಾರಿ. ಕೆಳತುದಿಯಲ್ಲಿ ಉಜ್ಜಿ ತೊಳೆದ ಅಕ್ಕಿಯೇ ಹೆಚ್ಚು, ಉಳಿದದ್ದು ನಂಚಿಕೊಳ್ಳುವಷ್ಟು.

ಇವೆಲ್ಲ ವೈದ್ಯರ ಪತ್ರಿಕೆಗಳಲ್ಲೇ ಉಳಿದಿದ್ದರೆ ನಾನು ಇವತ್ತು ಈ ಕಥೆ ಹೇಳುತ್ತಿರಲಿಲ್ಲ. 1928ರಲ್ಲಿ ಮೆಕ್‌ಕ್ಯಾರಿಸನ್ ‘ಫುಡ್’ ಎಂಬ ಚಿಕ್ಕ ಪುಸ್ತಕ ಬರೆದರು. ಡಾಕ್ಟರುಗಳಿಗಲ್ಲ, ಶಾಲೆ ಕಾಲೇಜುಗಳಿಗೆ, ತಾಯಿ ಮಕ್ಕಳ ಕಲ್ಯಾಣ ಕೇಂದ್ರಗಳಿಗೆ, ಸ್ಕೌಟ್ ಹುಡುಗರಿಗೆ. ಊಟ ಎಂದರೆ ಏನು, ಮೈಯಲ್ಲಿ ಯಾವುದು ಏನು ಮಾಡುತ್ತದೆ ಎಂದು ಪಾಠದಂತೆ ಹೇಳುವ ಪುಸ್ತಕ. ಅದೇ ಕಾಲಕ್ಕೆ ಕೂನೂರಿನ ಕೋಣೆ ಬೆಳೆದು ‘ಪೌಷ್ಟಿಕ ಆಹಾರ ಸಂಶೋಧನಾಲಯ’ ಎಂಬ ಹೆಸರು ಪಡೆಯಿತು. 1935ರಲ್ಲಿ ಮೆಕ್‌ಕ್ಯಾರಿಸನ್ ನಿವೃತ್ತರಾದರು.

ಅವರ ಜಾಗಕ್ಕೆ ಬಂದವರು ವ್ಯಾಲೇಸ್ ಐಕ್ರಾಯ್ಡ್. ಇವರೂ ಐರ್ಲೆಂಡಿನವರೇ. ಆದರೆ ದಾರಿ ಬೇರೆ. ಮೆಕ್‌ಕ್ಯಾರಿಸನ್ ಇಲಿಗಳ ಪಂಜರದ ಮುಂದೆ ಕೂತರೆ, ಐಕ್ರಾಯ್ಡ್ ತಕ್ಕಡಿ ಕೊಟ್ಟು ತಮ್ಮ ಸಹಾಯಕರನ್ನು ಹಳ್ಳಿಯ ಅಡುಗೆಮನೆಗಳಿಗೆ ಕಳಿಸಿದರು. ಬಿ.ಜಿ. ಕೃಷ್ಣನ್ ಅವರ ಜೊತೆ ಸೇರಿ ದಕ್ಷಿಣ ಭಾರತದ ಹಳ್ಳಿಗಳಲ್ಲಿ ನಡೆಸಿದ ಊಟದ ಸಮೀಕ್ಷೆ 1937ರಲ್ಲಿ ಪ್ರಕಟವಾಯಿತು. ಕೆಲಸ ಹೇಗೆ ನಡೆಯುತ್ತಿತ್ತು ಎಂದರೆ, ಒಲೆಗೆ ಏರುವ ಮುಂಚೆ ಅಕ್ಕಿ ಎಷ್ಟು, ಬೇಳೆ ಎಷ್ಟು, ಎಣ್ಣೆ ಎಷ್ಟು ಎಂದು ದಿನಾ ತೂಗಬೇಕು. ಮನೆಯಲ್ಲಿ ಉಣ್ಣುವ ಗಂಡಸರು ಎಷ್ಟು, ಹೆಂಗಸರು ಎಷ್ಟು, ಮಕ್ಕಳು ಎಷ್ಟು ಎಂದು ಬರೆಯಬೇಕು. ಹೆಂಗಸನ್ನು ಒಂದು ಪೂರ್ತಿ ಆಳಿನ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ, ಮಕ್ಕಳಿಗೆ ಇನ್ನೂ ಕಡಿಮೆ. ಎಲ್ಲರಿಗಿಂತ ಮೊದಲು ಎದ್ದು ಎಲ್ಲರಿಗಿಂತ ಕೊನೆಗೆ ಉಣ್ಣುವವಳಿಗೆ ಆ ಲೆಕ್ಕ ಸರಿಯೇ ಎಂದು ನೀವೇ ಯೋಚಿಸಿ. ಪರರು ಬಂದು ನಮ್ಮ ಮಡಕೆ ತೂಗುವುದಕ್ಕೆ ಯಾವ ಗೃಹಿಣಿಯೂ ಸುಲಭವಾಗಿ ಒಪ್ಪಲಾರಳು, ಬಡತನ ಲೆಕ್ಕದಲ್ಲಿ ಕಾಣುವುದು ಯಾರಿಗೆ ತಾನೇ ಇಷ್ಟ? ಆದರೂ ತೂಗಿದರು. ಬಂದ ಫಲ: ಹಾಲು ಇಲ್ಲದಂತೆಯೇ, ಸೊಪ್ಪು ಅಪರೂಪ, ಕ್ಯಾಲ್ಸಿಯಂ ಎಂಬ ಸುಣ್ಣದ ಅಂಶ ಬಹಳ ಕೊರತೆ, ಕಣ್ಣಿಗೆ ಬೇಕಾದ ಎ ಜೀವಸತ್ವದ ಕೊರತೆ.

ಆ ಕೊರತೆ ಮಕ್ಕಳ ಮೈಮೇಲೆ ಓದುವಂತಿತ್ತು. ಬಾಯಿಯ ಎರಡು ಮೂಲೆಯಲ್ಲೂ ಸೀಳು ಹುಣ್ಣು. ಮೊಳಕೈ ಮೊಳಕಾಲಿನ ಮೇಲೆ ಕಪ್ಪೆಚರ್ಮದಂಥ ಒರಟು. ಕಣ್ಣಿನ ಬಿಳಿಯ ಮೇಲೆ ಬೂದಿ ಅಂಟಿದಂಥ ಮಚ್ಚೆ. ಹಿರಿಯರು ‘ಉಷ್ಣ’ ಎಂದುಕೊಂಡು ಸುಮ್ಮನಿರುತ್ತಿದ್ದ ಚಿಹ್ನೆಗಳು ಇವು. ಕೂನೂರಿನವರು ವಸತಿಶಾಲೆಗಳ ಮಕ್ಕಳಿಗೆ ಕೆನೆ ತೆಗೆದ ಹಾಲನ್ನು ದಿನಾ ಕೊಟ್ಟು, ಕೊಡದ ಮಕ್ಕಳ ಜೊತೆ ಹೋಲಿಸಿ ನೋಡಿದರು. ಹಾಲು ಕುಡಿದವರು ಎತ್ತರದಲ್ಲೂ ತೂಕದಲ್ಲೂ ಮುಂದೆ ಹೋದರು.

1937ರಲ್ಲೇ ಐಕ್ರಾಯ್ಡ್ ಹೊರತಂದ ‘ಆರೋಗ್ಯ ಪ್ರಕಟಣೆ ಸಂಖ್ಯೆ 23’ ನಮ್ಮ ಈ ಕಥೆಯ ಮುಖ್ಯ ಪಾತ್ರ. ಹೆಸರು ಸಪ್ಪೆ, ಒಳಗಿನ ಸರಕು ಗಟ್ಟಿ. ಭಾರತದ ನೂರಾರು ಆಹಾರ ಪದಾರ್ಥಗಳಲ್ಲಿ ಏನೇನು ಎಷ್ಟೆಷ್ಟು ಇದೆ ಎಂಬ ಪಟ್ಟಿ, ಜೊತೆಗೆ ಕಡಿಮೆ ಖರ್ಚಿನಲ್ಲಿ ಒಳ್ಳೆಯ ಊಟ ಹೊಂದಿಸುವುದು ಹೇಗೆ ಎಂಬ ಸಲಹೆ. ಅಕ್ಕಿಯನ್ನೇ ನೆಚ್ಚಿದ ಕೊರತೆಯ ಊಟ ಒಂದು ಕಡೆ, ಸರಿಪಡಿಸಿದ ಊಟ ಇನ್ನೊಂದು ಕಡೆ. ಸರಿಪಡಿಸಿದ್ದರಲ್ಲಿ ಅಕ್ಕಿಯ ಒಂದು ಪಾಲಿಗೆ ಬದಲಾಗಿ ಕಿರುಧಾನ್ಯ, ಹೆಚ್ಚು ಬೇಳೆ, ಹಸಿರು ಸೊಪ್ಪು, ದಿನಕ್ಕೆ ಎಂಟು ಔನ್ಸ್ ಹಾಲು, ಅಂದರೆ ಕಾಲು ಲೀಟರಿಗೆ ಸ್ವಲ್ಪ ಕಡಿಮೆ. ಬೆಲೆಯನ್ನೂ ಲೆಕ್ಕ ಹಾಕಿದರು. ಅಲ್ಲೇ ಗಂಟು ಬಿದ್ದದ್ದು. ಸರಿಯಾದ ಊಟದ ಖರ್ಚು ಬಹುಪಾಲು ಮನೆಗಳ ಕೈಗೆ ನಿಲುಕುವಂತಿರಲಿಲ್ಲ. ‘ಜನರಿಗೆ ತಿಳಿವಳಿಕೆ ಇಲ್ಲ, ಅದಕ್ಕೇ ಕಾಯಿಲೆ’ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಈ ಪುಸ್ತಕದ ಲೆಕ್ಕ ಅದಕ್ಕೆ ಅವಕಾಶ ಕೊಡಲಿಲ್ಲ. 1943ರ ಬಂಗಾಳದ ಕ್ಷಾಮದ ಮೇಲೆ ನೇಮಿಸಿದ ವಿಚಾರಣಾ ಆಯೋಗದಲ್ಲೂ ಐಕ್ರಾಯ್ಡ್ ಸದಸ್ಯರಾಗಿದ್ದರು. ಆಮೇಲೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಲ್ಲಿ ಪೌಷ್ಟಿಕ ಆಹಾರ ವಿಭಾಗದ ಮೊದಲ ಮುಖ್ಯಸ್ಥರಾದರು.

ಈಗ ಆ ಪಟ್ಟಿಯಲ್ಲಿ ನಮಗೆ ಬೇಕಾದ ಸಾಲು ನೋಡೋಣ. ರಾಗಿ, ತಮಿಳಿನ ಕೇಳ್ವರಗು. ಕೂನೂರಿನ ಪಟ್ಟಿಯನ್ನೇ ತಿದ್ದಿ ಬೆಳೆಸಿ ಮುಂದೆ ಹೈದರಾಬಾದಿನಿಂದ ಗೋಪಾಲನ್ ಮತ್ತು ಸಂಗಡಿಗರು ಹೊರತಂದ ಪುಸ್ತಕದಲ್ಲಿ ನೂರು ಗ್ರಾಂ ರಾಗಿಗೆ 344 ಮಿಲಿಗ್ರಾಂ ಕ್ಯಾಲ್ಸಿಯಂ. ಹಸುವಿನ ಹಾಲಿಗೆ 120. ಮಿಲ್ಲಿನ ಅಕ್ಕಿಗೆ 10. ಹೌದು, ಬರೀ ಹತ್ತು. 2017ರಲ್ಲಿ ಹೊಸ ಯಂತ್ರಗಳಿಂದ ಮತ್ತೆ ಅಳೆದಾಗ ರಾಗಿಗೆ 364 ಬಂತು. ಹಾಲು ಕೊಳ್ಳಲಾಗದ ನಾಡಿಗೆ ಇದಕ್ಕಿಂತ ಅಗ್ಗದ ಕ್ಯಾಲ್ಸಿಯಂ ಇನ್ನೊಂದಿಲ್ಲ.

ಈ ರಾಗಿ ನಮಗೆ ಹೊರಗಿನಿಂದ ಬಂದು ಯಾರೂ ಕಲಿಸಬೇಕಾದ ಬೆಳೆಯೇ? ನೀಲಗಿರಿಯ ಬಡಗರ ಹೊಲಗಳಲ್ಲಿ ಹಿಂದೆ ರಾಗಿ, ಸಾಮೆ, ಕೊರಲೆ ಬೆಳೆಯುತ್ತಿದ್ದವು. ಮಸಿನಗುಡಿ ಕಡೆಯ ಒಣಭೂಮಿಯಲ್ಲೂ, ಗಡಿಯಾಚೆ ಗುಂಡ್ಲುಪೇಟೆಯ ಹೊಲಗಳಲ್ಲೂ ರಾಗಿಯೇ. ಕೂನೂರಿನಲ್ಲಿ ವಿಜ್ಞಾನಿಗಳು ಇದರ ಗುಣ ಅಳೆದು ಬರೆಯುತ್ತಿದ್ದ ಆ ಕಾಲದಲ್ಲೇ, ಕಿಟಕಿಯ ಹೊರಗೆ ಬೆಟ್ಟದ ಬಣ್ಣ ಬದಲಾಗುತ್ತಿತ್ತು. ಮೊದಲು ಆಲೂಗೆಡ್ಡೆ, ಆಮೇಲೆ ಚಹಾ. ಹೊಲದ ಬೆಳೆ ಕೈಗೆ ಕಾಸು ತಂದಿತು, ಕಾಸು ಅಂಗಡಿಯ ಅಕ್ಕಿ ತಂದಿತು. ಕೆಳಗಿನ ಕಾಡಂಚಿನಲ್ಲಿ ಆನೆ ಹಂದಿಗಳ ಕಾಟಕ್ಕೆ ರಾಗಿ ಬಿತ್ತುವುದನ್ನೇ ಬಿಟ್ಟವರಿದ್ದಾರೆ. ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಕೂತು ಕಾಯುವ ಕಷ್ಟ ಕಾದವರಿಗೇ ಗೊತ್ತು. ಕಾಡಿನ ಹಾಡಿಗಳ ಆದಿವಾಸಿಗಳಿಗಂತೂ ಗೆಡ್ಡೆಗೆಣಸು, ಜೇನು, ಸೊಪ್ಪು ಇದ್ದ ಕಾಡೇ ಕೈತಪ್ಪುತ್ತ ಹೋಯಿತು.

ಇದರ ಜೊತೆ ಮರ್ಯಾದೆಯ ಪ್ರಶ್ನೆ. ಮದುವೆಮನೆಯಲ್ಲಿ ಮುದ್ದೆ ಬಡಿಸಿದ್ದನ್ನು ನೀವು ಎಷ್ಟು ಸಲ ಕಂಡಿದ್ದೀರಿ? ನೆಂಟರು ಬಂದರೆ ಅನ್ನ, ಮನೆಯವರಿಗೇ ಆದರೆ ಮುದ್ದೆ. ಮಗ ಓದಿ ಕೆಲಸಕ್ಕೆ ಸೇರಿದ ಮೇಲೆ ಮುದ್ದೆಯೂ ಇಲ್ಲ. ಪ್ರಯೋಗಾಲಯದಲ್ಲಿ ಇಲಿಗೆ ಏನು ಹಾಕಿದರೂ ತಿನ್ನುತ್ತದೆ. ಅಕ್ಕಪಕ್ಕದವರು ಏನೆಂದಾರು ಎಂದು ನೋಡಿ ಊಟ ಮಾಡುವುದು ಮನುಷ್ಯ ಮಾತ್ರ. ಈಗ ಅದೇ ಕಿರುಧಾನ್ಯಕ್ಕೆ ಸಿರಿಧಾನ್ಯ ಎಂದು ಹೊಸ ಹೆಸರಿಟ್ಟು, ಬಣ್ಣದ ಪೊಟ್ಟಣಕ್ಕೆ ತುಂಬಿ, ಊಟಿಯ ಅಂಗಡಿಗಳಲ್ಲಿ ಪ್ರವಾಸಿಗಳಿಗೆ ಮಾರುವುದನ್ನೂ ನೋಡುತ್ತಿದ್ದೇವೆ.

1990ರ ದಶಕದ ಕೊನೆಯಲ್ಲಿ ಹಸಿರೆಲೆಯ ಬೆಲೆ ಕುಸಿದಾಗ ಇದರ ಬಿಸಿ ನೀಲಗಿರಿಯ ಸಣ್ಣ ಬೆಳೆಗಾರರಿಗೆ ತಟ್ಟಿತು. ಚಹಾ ಎಲೆಯನ್ನು ಬೇಯಿಸಿ ಉಣ್ಣಲು ಬರುವುದಿಲ್ಲವಲ್ಲ. ಮನೆಯ ಅಡಿಗೆಯ ಎಲ್ಲ ಸಾಮಾನನ್ನೂ ಕೊಂಡೇ ತರಬೇಕಾದ ಮನೆಯಲ್ಲಿ ಕಾಸು ಕಡಿಮೆಯಾದಾಗ ಮೊದಲು ನಿಲ್ಲುವುದು ಹಾಲು, ಬೇಳೆ, ತರಕಾರಿ. ಅನ್ನ ನಿಲ್ಲುವುದಿಲ್ಲ. ಐಕ್ರಾಯ್ಡ್ ಪುಸ್ತಕದ ಕೊರತೆಯ ಊಟ ಎಂದರೆ ಅದೇ.

ಇನ್ನೊಂದು ಕಾಯಿಯ ಮಾತೂ ಇಲ್ಲಿ ಬರಬೇಕು. ಮುದುಮಲೈ, ಮಸಿನಗುಡಿ ಕಡೆಯ ಕಾಡಿನಲ್ಲಿ ಬಿಡುವ ಬೆಟ್ಟದ ನೆಲ್ಲಿಕಾಯಿ. ಹಳೆಯ ಪಟ್ಟಿಗಳಲ್ಲಿ ನೂರು ಗ್ರಾಂ ನೆಲ್ಲಿಕಾಯಿಗೆ 600 ಮಿಲಿಗ್ರಾಂ ಸಿ ಜೀವಸತ್ವ ಎಂದು ಬರೆದಿತ್ತು, ಕಿತ್ತಳೆಗೆ 30. ಹೊಸ ಅಳತೆಯಲ್ಲಿ ನೆಲ್ಲಿಯ ಅಂಕಿ ಅರ್ಧಕ್ಕಿಂತ ಕೆಳಗಿಳಿದಿದೆ, ಆದರೂ ಕಿತ್ತಳೆ ಅದರ ಹತ್ತಿರ ಬರಲಾರದು. 1939-40ರಲ್ಲಿ ಪಂಜಾಬಿನ ಹಿಸ್ಸಾರಿನಲ್ಲಿ ಕ್ಷಾಮ ಬಿದ್ದು, ಒಸಡಿನಿಂದ ರಕ್ತ ಒಸರುವ ಸ್ಕರ್ವಿ ಹಬ್ಬಿದಾಗ ಜನರನ್ನು ಗುಣಪಡಿಸಲು ಬಳಸಿದ್ದು ನೆಲ್ಲಿಕಾಯಿ. ಎರಡನೆಯ ಮಹಾಯುದ್ಧದಲ್ಲಿ ಭಾರತೀಯ ಸೈನಿಕರ ರೇಷನ್ನಿನಲ್ಲೂ ನೆಲ್ಲಿಯ ಪುಡಿ, ಮಾತ್ರೆ ಹೋಯಿತು. ನಮ್ಮ ಕಾಡಿನಲ್ಲಿ ಅದನ್ನು ಆರಿಸುವ ಹೆಂಗಸಿಗೆ ಸಿಗುವುದು ಕಿಲೋ ಲೆಕ್ಕದ ಕೂಲಿ, ಮನೆಯ ಮಕ್ಕಳಿಗೂ ನಾಲ್ಕು ಕಾಯಿ ಉಳಿಸಿಕೊಂಡರೆ ನಷ್ಟವೇನಿಲ್ಲ.

ಆಮೇಲೆ ಸಂಶೋಧನಾಲಯ ನಮ್ಮವರ ಕೈಗೆ ಬಂತು. ಪಟವರ್ಧನ್ ಅವರು ನಿರ್ದೇಶಕರಾದರು, ಮುಂದೆ ದೇಶಕ್ಕೇ ಹೆಸರಾದ ಗೋಪಾಲನ್ ಕೂಡ ಕೂನೂರಿನಲ್ಲಿ ಕೆಲಸ ಮಾಡಿದವರೇ. 1958ರಲ್ಲಿ ಸಂಶೋಧನಾಲಯ ಹೈದರಾಬಾದಿಗೆ ಹೋಯಿತು, 1969ರಲ್ಲಿ ಈಗಿನ ಹೆಸರು ಪಡೆಯಿತು. ಪಾಶ್ಚರ್ ಸಂಸ್ಥೆ ಇಲ್ಲೇ ಉಳಿಯಿತು. ಜನರ ನೆನಪಿನಲ್ಲಿ ನಾಯಿಕಡಿತ ಉಳಿದು ಊಟ ಮರೆತದ್ದು ಬಹುಶಃ ಹೀಗೆ.

ಆ ಹೊತ್ತಿಗೆ ರಾಗಿಯ ಕೆಲಸ ಬೆಟ್ಟ ಇಳಿದು ಮೈಸೂರಿಗೆ ಬಂದಿತ್ತು. ಅಲ್ಲಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ಸುಬ್ರಹ್ಮಣ್ಯನ್, ಸ್ವಾಮಿನಾಥನ್ ಮತ್ತು ಸಂಗಡಿಗರು ಪೌಷ್ಟಿಕತೆ ಸಾಲದ ಮಕ್ಕಳಿಗೆ ಅನ್ನದ ಬದಲು ರಾಗಿ ಕೊಟ್ಟು ನೋಡಿದರು. ಫಲ 1959ರಲ್ಲಿ ಪ್ರಕಟವಾಯಿತು. ಅಕ್ಕಿಯ ಜಾಗದಲ್ಲಿ ಅಷ್ಟೋ ಇಷ್ಟೋ ರಾಗಿ ಬಂದರೂ ಮಕ್ಕಳ ಮೈಯಲ್ಲಿ ಕ್ಯಾಲ್ಸಿಯಂ ಹೆಚ್ಚು ನಿಲ್ಲುತ್ತದೆ ಎಂದು ಕಂಡಿತು. ಇದು ಮುಖ್ಯ. ಏಕೆಂದರೆ ಪಟ್ಟಿಯಲ್ಲಿ ಇರುವುದೆಲ್ಲ ಮೈಗೆ ಹತ್ತುವುದಿಲ್ಲ. ರಾಗಿಯ ಸಿಪ್ಪೆಯಲ್ಲಿರುವ ಕೆಲವು ಅಂಶಗಳು ಒಂದಿಷ್ಟು ಸತ್ವವನ್ನು ಹಿಡಿದಿಟ್ಟುಕೊಳ್ಳುತ್ತವೆ. ನೆನೆಸಿ ಮೊಳಕೆ ಕಟ್ಟಿ ಒಣಗಿಸಿ ಬೀಸಿದರೆ ಆ ಹಿಡಿತ ಸಡಿಲವಾಗುತ್ತದೆ. ನಮ್ಮ ಅಜ್ಜಿಯಂದಿರು ಕೂಸಿಗೆ ಮಾಡುತ್ತಿದ್ದ ಮೊಳಕೆರಾಗಿಯ ಸರಿ ಅದೇ ಅಲ್ಲವೇ?

ಕೆಲವು ಮಾತು ನೇರವಾಗಿ ಹೇಳಬೇಕು. ಅಕ್ಕಿಯನ್ನು ನೀರು ತಿಳಿಯಾಗುವವರೆಗೆ ಐದಾರು ಸಲ ತೊಳೆಯುವ ಅಭ್ಯಾಸ ನಮ್ಮಲ್ಲಿದೆ. ಬೆಳ್ತಿಗೆಯನ್ನು ಹಾಗೆ ತೊಳೆದು, ಮತ್ತೆ ಗಂಜಿ ಬಸಿದು ಚೆಲ್ಲಿದರೆ, ಉಳಿದಿದ್ದ ಚೂರು ಬಿ ಜೀವಸತ್ವದಲ್ಲಿ ಬಹುಪಾಲು ಚರಂಡಿಗೆ. ಒಂದೆರಡು ಸಲ ತೊಳೆದರೆ ಸಾಕು, ಗಂಜಿಯನ್ನು ಸಾರಿಗೆ ಹಾಕಿ. ಕುಸುಬಲಕ್ಕಿಯಲ್ಲಿ ಈ ನಷ್ಟ ಕಡಿಮೆ. ರೇಷನ್ ಅಂಗಡಿಯಲ್ಲಿ ಪುಳುಂಗಲ್ ಕೊಟ್ಟರೆ ಮುಖ ಸಿಂಡರಿಸಿಕೊಳ್ಳಬೇಡಿ. ನುಗ್ಗೆಸೊಪ್ಪು, ದಂಟುಸೊಪ್ಪು ಬೇಲಿಯಲ್ಲೇ ಬೆಳೆಯುತ್ತದೆ, ಕಣ್ಣಿಗೆ ಅದಕ್ಕಿಂತ ಅಗ್ಗದ ಮದ್ದಿಲ್ಲ. ಹಾಗೆಯೇ, ‘ಸಕ್ಕರೆ ಕಾಯಿಲೆಯವರು ರಾಗಿ ಎಷ್ಟು ಬೇಕಾದರೂ ತಿನ್ನಬಹುದು’ ಎಂಬ ಮಾತನ್ನು ನಂಬಬೇಡಿ. ನುಣ್ಣನೆಯ ಹಿಟ್ಟಿನ ಅಂಬಲಿ ಕುಡಿದರೆ ರಕ್ತದ ಸಕ್ಕರೆ ಏರುತ್ತದೆ, ಅದೂ ಹಿಟ್ಟೇ ತಾನೇ. ಅಳತೆ ಇರಲಿ, ಜೊತೆಗೆ ಕಾಳು, ಸೊಪ್ಪು ಇರಲಿ.

ಕೊನೆಯದಾಗಿ ಒಂದು ಸುದ್ದಿ. 2023ರ ಮೇ ತಿಂಗಳಲ್ಲಿ ತಮಿಳುನಾಡು ಸರ್ಕಾರ ಎರಡು ಜಿಲ್ಲೆಗಳನ್ನು ಆರಿಸಿ, ರೇಷನ್ ಕಾರ್ಡಿಗೆ ಎರಡು ಕಿಲೋ ಅಕ್ಕಿಯ ಬದಲು ಎರಡು ಕಿಲೋ ರಾಗಿ ಕೊಡುವ ಕಾರ್ಯಕ್ರಮ ಆರಂಭಿಸಿತು. ಒಂದು ಧರ್ಮಪುರಿ, ಇನ್ನೊಂದು ನಮ್ಮ ನೀಲಗಿರಿ. ಕೂನೂರಿನ ಪ್ರಕಟಣೆ ಸಂಖ್ಯೆ 23 ಬಂದು ಆಗ 86 ವರ್ಷ. ಲೆಕ್ಕವನ್ನು ನೀವೇ ಹಾಕಿ ನೋಡಿ. ಎರಡು ಕಿಲೋ ಅಕ್ಕಿಯಲ್ಲಿ 200 ಮಿಲಿಗ್ರಾಂ ಕ್ಯಾಲ್ಸಿಯಂ. ಎರಡು ಕಿಲೋ ರಾಗಿಯಲ್ಲಿ 6,880. ದೊಡ್ಡವರೊಬ್ಬರಿಗೆ ದಿನಕ್ಕೆ ಬೇಕಾದದ್ದು 1,000 ಮಿಲಿಗ್ರಾಂ ಎಂದು ಹೈದರಾಬಾದಿನ ಸಂಸ್ಥೆ 2020ರಲ್ಲಿ ಗೊತ್ತುಮಾಡಿದೆ. ಅಂದರೆ ಒಂದು ಕಾರ್ಡಿನ ರಾಗಿ ಒಬ್ಬರ ಏಳು ದಿನದ ಬೇಡಿಕೆಗೆ ಹತ್ತಿರ ಬರುತ್ತದೆ. ಮನೆಯಲ್ಲಿ ಐದು ಜನ, ತಿಂಗಳಿಗೆ ಮೂವತ್ತು ದಿನ.